ಎಚ್‌ಡಿಪಿಇ ಪೈಪಿನ ಬೆಸುಗೆ: ಆರುವ ಹೊತ್ತಿನ ಲೆಕ್ಕ

ಭೀಮಾ ನದಿಯಿಂದ ಹೊಲಕ್ಕೆ ನೀರು ಎಳೆಯಲು ಕಲಬುರಗಿ, ಯಾದಗಿರಿ ಕಡೆಯ ರೈತರು ಹಾಕಿಸುವ ಕಪ್ಪು ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕು) ಪೈಪುಗಳನ್ನು ಪಿವಿಸಿ ಪೈಪಿನಂತೆ ಸಲ್ಯೂಷನ್ ಹಚ್ಚಿ ಅಂಟಿಸಲಾಗದು. ಈ ಪ್ಲಾಸ್ಟಿಕ್ಕಿನ ಅಣುಸರಪಳಿಗಳು ಬಹುಪಾಲು ಸ್ಫಟಿಕಗಳಾಗಿ ಒತ್ತಾಗಿ ಮಡಿಚಿಕೊಂಡಿರುವುದರಿಂದ ದ್ರಾವಣ ಒಳಗೆ ಇಳಿಯುವುದಿಲ್ಲ. ಬೆಸೆಯಬೇಕಾದರೆ ಆ ಸ್ಫಟಿಕಗಳನ್ನು ಕಾಯಿಸಿ ಕರಗಿಸಬೇಕು.

ಗೋಡೆ 8 ಮಿ.ಮೀ. ದಪ್ಪವಿರುವ ಪೈಪನ್ನೇ ತೆಗೆದುಕೊಳ್ಳೋಣ. ಎರಡೂ ತುದಿಗಳನ್ನು ಸಮನಾಗಿ ಹೆರೆದ ಮೇಲೆ ಕೈಯಿಂದ ಮುಟ್ಟಬಾರದು. ನಮ್ಮ ಎರೆ ಮಣ್ಣಿನ ನಯವಾದ ಧೂಳು ಕುಳಿತರೂ ಬೆಸುಗೆ ಕೆಡುತ್ತದೆ. 200ರಿಂದ 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದ ಹೀಟರ್ ಪ್ಲೇಟಿಗೆ ತುದಿಗಳನ್ನು ಒತ್ತಿ, ಸುತ್ತಲೂ ಸಣ್ಣ ಅಂಚು ಉಬ್ಬಿದೊಡನೆ ಒತ್ತಡವನ್ನು ಬಹುತೇಕ ಸೊನ್ನೆಗೆ ಇಳಿಸಿ, ಸುಮಾರು 80 ಸೆಕೆಂಡು ಶಾಖ ಕುಡಿಯಲು ಬಿಡಬೇಕು. ಪ್ಲೇಟ್ ತೆಗೆದ ಮೇಲೆ ತುದಿಗಳು ಕೂಡಲು ಆರೇಳು ಸೆಕೆಂಡು ಮಾತ್ರ ಉಂಟು. ಅಷ್ಟರಲ್ಲಿ ಕೂಡಿಸದಿದ್ದರೆ ಮೇಲ್ಮೈ ಆರಿ, ಸರಪಳಿಗಳು ಆಚೆ ಬದಿಗೆ ದಾಟುವ ಮೊದಲೇ ತಮ್ಮ ತಮ್ಮ ಕಡೆಯಲ್ಲೇ ಹರಳುಗಟ್ಟುತ್ತವೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಕೂಡು ಮೋಟರು ಚಾಲೂ ಮಾಡಿದಾಗ ಬಾಯಿ ಬಿಡುತ್ತದೆ.

ಕೂಡಿಸಿ ಮತ್ತೆ ಒತ್ತಿ ಹಿಡಿದ ಮೇಲಿನ ಹೊತ್ತಿನಲ್ಲಿಯೇ ನಿಜವಾದ ಬೆಸುಗೆ ಆಗುತ್ತದೆ. ಕಾವು 120 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹೊಸ ಸ್ಫಟಿಕಗಳು ಬೆಳೆಯತೊಡಗುತ್ತವೆ. ಗಡಿ ದಾಟಿದ ಸರಪಳಿಯ ಒಂದು ತುದಿ ಈಚಿನ ಸ್ಫಟಿಕದಲ್ಲಿ, ಇನ್ನೊಂದು ತುದಿ ಆಚಿನದರಲ್ಲಿ ಸಿಕ್ಕಿಕೊಂಡು, ಕೌದಿಯ ಹೊಲಿಗೆಯಂತೆ ಎರಡೂ ಬದಿಗಳನ್ನು ಹಿಡಿಯುತ್ತದೆ. ಹರಳುಗಟ್ಟುವಾಗ ಪ್ಲಾಸ್ಟಿಕ್ಕು ಕುಗ್ಗುವುದರಿಂದ ಒತ್ತಡ ಬಿಟ್ಟರೆ ನಡುವೆ ಪೊಳ್ಳು ಉಳಿಯಬಹುದು. ಆದ್ದರಿಂದ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಕ್ಲ್ಯಾಂಪ್ ಬಿಚ್ಚದೆ ಒತ್ತಡದಲ್ಲೇ ಇಡಬೇಕು. ಹೊರಗೆ 40 ಡಿಗ್ರಿ ಮೀರುವ ನಮ್ಮ ಮೇ ತಿಂಗಳಲ್ಲಿ ಇನ್ನೂ ಹೆಚ್ಚು ಕಾಯಬೇಕು, ನೆರಳೂ ಮಾಡಬೇಕು. ಬೇಗ ಆರಲೆಂದು ಕೊಡದ ನೀರು ಸುರಿಯುವುದು ಬಹಳ ಕೆಟ್ಟ ರೂಢಿ: ಹೊರಪದರ ಮೊದಲು ಬಿಗಿದು, ಒಳಗಿನದು ಆಮೇಲೆ ಕುಗ್ಗಿ ಎಳೆಯುವುದರಿಂದ ಆ ಸೆಳೆತ ಕೂಡಿನೊಳಗೇ ಉಳಿಯುತ್ತದೆ.

ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಪೈಪನ್ನು ಇದಕ್ಕೆ ಬೆಸೆಯಲು ಹೋಗಬೇಡಿ. ಕರಗಿದಾಗಲೂ ಇವೆರಡು ಬೆರೆಯುವುದಿಲ್ಲ, ಬೇರೆ ಬೇರೆಯಾಗಿಯೇ ಹರಳುಗಟ್ಟುತ್ತವೆ.

ಪೂರ್ತಿ ಆರಿದ ಮೇಲೆ ಹೊರಗಿನ ಉಬ್ಬನ್ನು ಪಟ್ಟಿಯಂತೆ ಹೆರೆದು ತೆಗೆದು, ಹಿಂದಕ್ಕೆ ಬಗ್ಗಿಸಿ ತಿರುಚಿ ನೋಡಬೇಕು. ನಡುಗೆರೆಯಲ್ಲಿ ಸೀಳು ಕಂಡರೆ ಆ ಕೂಡನ್ನು ಕತ್ತರಿಸಿ, ತುದಿಗಳನ್ನು ಹೆರೆಯುವುದರಿಂದ ಮತ್ತೆ ಮೊದಲಿಡಬೇಕು.