ಲೇಸರ್ ಟ್ಯಾಗ್: ಕಲ್ಪನಾಲೋಕದಲ್ಲೊಂದು ದೊಡ್ಡ ಪಂದ್ಯ ಕಟ್ಟುವುದು ಹೇಗೆ?

ಕಿರಣ ಬಿಡುವ ಆಟದ ಬಂದೂಕಿನಿಂದ, ಎದುರಾಳಿ ಧರಿಸಿದ ಸೆನ್ಸರ್‌ಗೆ (ಕಿರಣವನ್ನು ಗುರುತಿಸುವ ಸಾಧನಕ್ಕೆ) ಗುರಿಯಿಡುವ ಲೇಸರ್ ಟ್ಯಾಗ್ ಎಂದರೆ ಮಾಲ್‌ಗಳ ಕತ್ತಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಓಡಾಡಿ ಬರುವ ಮನರಂಜನೆ ಎಂದೇ ಹಲವರು ಭಾವಿಸಿದ್ದಾರೆ. ಆದರೆ ಅಮೆರಿಕದ ಡಾಲಸ್ ನಗರದಲ್ಲಿ 1984ರಲ್ಲಿ ಜಾರ್ಜ್ ಕಾರ್ಟರ್ ಅವರು ‘ಫೋಟಾನ್’ ಎಂಬ ಆಟದ ಕೇಂದ್ರವನ್ನು ತೆರೆದಾಗಲೇ ಇದು ಎರಡು ತಂಡಗಳ ಆಟವಾಗಿತ್ತು. ಒಂದೊಂದು ಬದಿಯಲ್ಲಿ ಇಪ್ಪತ್ತು ಜನರನ್ನಿಟ್ಟು ಬಯಲಿನಲ್ಲಿ ಆಡುವಾಗ ಬರಿಯ ಗುರಿಗಾರಿಕೆ ಸಾಲದು. ತಂಡವನ್ನು ತಂಡವಾಗಿ ಹಿಡಿದಿಡುವ ಒಂದು ಕಲ್ಪಿತ ಲೋಕ ಬೇಕಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಕಥೆ ಕಟ್ಟುವುದು. ಕಥೆಯ ಪ್ರತಿಯೊಂದು ಅಂಶವೂ ಆಟದ ನಿಯಮವಾಗಿ ಬದಲಾಗಬೇಕು. ಹಾಗೆ ಬದಲಾಗದ್ದನ್ನು ಮುಲಾಜಿಲ್ಲದೆ ಕೈಬಿಡಿ. ಉದಾಹರಣೆಗೆ, ಮಳೆ ನಿಂತುಹೋದ ಒಂದು ಗ್ರಹದಲ್ಲಿ ಒಂದೇ ಕೆರೆ ಉಳಿದಿದೆ, ಅದರ ತೂಬಿನ ಮೇಲೆ ಎರಡು ಊರುಗಳೂ ಹಕ್ಕು ಸಾಧಿಸುತ್ತಿವೆ ಎಂದಿಟ್ಟುಕೊಳ್ಳಿ. ಮೈದಾನದ ನಡುವೆ ನೀರು ತುಂಬಿದ ಡ್ರಮ್ಮನ್ನಿಟ್ಟು ಅದನ್ನು ತೂಬೆಂದು ಕರೆಯಿರಿ. ಒಂದು ತಂಡದ ಮೂವರು ಏಟು ತಿನ್ನದೆ ಎರಡು ನಿಮಿಷ ಅಲ್ಲಿ ನಿಂತರೆ ತೂಬು ಅವರದಾಗುತ್ತದೆ. ಬಳಿಕ ಪ್ಲಾಸ್ಟಿಕ್ ಕೊಡದಲ್ಲಿ ನೀರು ತುಂಬಿ ತಮ್ಮ ನೆಲೆಯ ಡ್ರಮ್ಮಿಗೆ ಸುರಿಯಬೇಕು. ಕೊಡ ಹೊರುವವರು ಬಂದೂಕನ್ನು ತೂಬಿನ ಬಳಿ ಬಿಟ್ಟು, ಸೆನ್ಸರ್ ಇರುವ ತಲೆಪಟ್ಟಿಯನ್ನಷ್ಟೇ ಧರಿಸಿ ನಡೆಯುತ್ತಾರೆ. ಇದರಿಂದ ಉಪಕರಣ ನೆನೆಯುವುದೂ ತಪ್ಪುತ್ತದೆ. ಏಟು ಬಿದ್ದರೆ ಕೊಡವನ್ನು ನಿಂತಲ್ಲೇ ಇಳಿಸಿ ನೆಲೆಗೆ ಮರಳಬೇಕು, ಆ ಕೊಡವನ್ನು ಅದೇ ತಂಡದ ಇನ್ನೊಬ್ಬರು ಎತ್ತಿಕೊಳ್ಳಬಹುದು. ಕೊನೆಗೆ ಅಂಕವೆಂದರೆ ಡ್ರಮ್ಮಿನಲ್ಲಿರುವ ನೀರಿನ ಲೀಟರುಗಳೇ ಹೊರತು ಎಷ್ಟು ಜನರಿಗೆ ಗುರಿಯಿಟ್ಟೆವು ಎಂಬ ಲೆಕ್ಕವಲ್ಲ. ಓಡಿದರೆ ನೀರು ತುಳುಕುತ್ತದೆ, ನಿಧಾನಿಸಿದರೆ ಹೊತ್ತವರು ಎದುರಾಳಿಯ ಕಣ್ಣಿಗೆ ಬೀಳುತ್ತಾರೆ. ಹೀಗಾಗಿ ಕೊಡ ಹೊತ್ತವರ ಸುತ್ತ ಕಾವಲು ಕಟ್ಟುವುದು ತಂಡಕ್ಕೆ ಅನಿವಾರ್ಯವಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಆಟವನ್ನು ಕ್ರೀಡೆಯಾಗಿಸುವುದು ಈ ಅನಿವಾರ್ಯತೆಯೇ.

ಎರಡನೆಯದು ಉಪಕರಣ. ಹೆಸರಿನಲ್ಲಿ ಲೇಸರ್ ಇದ್ದರೂ, ಇಂದಿನ ಬಹುತೇಕ ಬಂದೂಕುಗಳು ಟಿವಿ ರಿಮೋಟಿನಲ್ಲಿರುವಂಥ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಎಲ್‌ಇಡಿಯಿಂದಲೇ ಕೆಲಸ ಮಾಡುತ್ತವೆ. ಮುಂದಿರುವ ಮಸೂರವು ಆ ಬೆಳಕನ್ನು ಕಿರಿದಾದ ಕಿರಣವಾಗಿಸುತ್ತದೆ. ಬೆಳಕು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿನುಗುತ್ತಾ ಆಟಗಾರನ ಸಂಖ್ಯೆ, ತಂಡ ಮತ್ತು ಏಟಿನ ಬಲವನ್ನು ಸಂಕೇತವಾಗಿ ಸಾಗಿಸುತ್ತದೆ. ಹವ್ಯಾಸಿಗಳು ಬಳಸುವ ‘ಮೈಲ್ಸ್‌ಟ್ಯಾಗ್’ ಪದ್ಧತಿಯಲ್ಲಿ ಆಟಗಾರನ ಗುರುತಿಗೆ 7 ಬಿಟ್‌ಗಳು (0 ಅಥವಾ 1 ಎಂಬ ಅಂಕೆಗಳು), ತಂಡಕ್ಕೆ 2 ಬಿಟ್‌ಗಳು ಮೀಸಲು. ಅಂದರೆ 128 ಗುರುತುಗಳು, ನಾಲ್ಕು ತಂಡಗಳು. ಪಂದ್ಯಕ್ಕೆ ಮುನ್ನ ಪ್ರತಿ ಬಂದೂಕಿನ ಗುರುತನ್ನೂ ಪಟ್ಟಿಯಲ್ಲಿ ಬರೆದಿಡಿ, ಏಕೆಂದರೆ ಇಬ್ಬರಿಗೆ ಒಂದೇ ಗುರುತಿದ್ದರೆ ಏಟು ಯಾರದೆಂದು ತೀರ್ಮಾನಿಸಲು ಸಾಧ್ಯವಾಗುವುದಿಲ್ಲ.

ಬಿಸಿಲಿನಲ್ಲೂ ಅವಕೆಂಪು ಕಿರಣಗಳಿರುವುದರಿಂದ ನಡುಹಗಲಿನಲ್ಲಿ ಸೆನ್ಸರ್‌ಗಳಿಗೆ ದೂರದ ಏಟು ತಿಳಿಯುವುದು ಕಷ್ಟ. ಸಂಜೆ ಐದರ ನಂತರ ಆಡುವುದು ಲೇಸು. ಮೈದಾನ ಆರಿಸುವಾಗ ಗಾಜಿನ ಕಿಟಕಿಗಳನ್ನೂ ನುಣುಪಾದ ಗೋಡೆಗಳನ್ನೂ ಗಮನಿಸಿ. ಕಿರಣ ಅವುಗಳಿಂದ ಪುಟಿದು, ಮರೆಯಲ್ಲಿ ನಿಂತವರನ್ನೂ ತಾಗುತ್ತದೆ. ಹಳೆಯ ಬಾವಿ, ಮುಳ್ಳುತಂತಿ ಇರುವ ಜಾಗವನ್ನು ಹಗ್ಗ ಕಟ್ಟಿ ಬೇರ್ಪಡಿಸಿ. ಆಟದ ಬಂದೂಕು ದೂರದಿಂದ ನಿಜವಾದದ್ದೆಂದು ಕಾಣಬಹುದಾದ್ದರಿಂದ ಗಾಢ ಬಣ್ಣದ ಮಾದರಿಗಳನ್ನೇ ಬಳಸಿ, ಹತ್ತಿರದ ಪೊಲೀಸ್ ಠಾಣೆಗೂ ನೆರೆಹೊರೆಯವರಿಗೂ ಮುಂಚಿತವಾಗಿ ತಿಳಿಸಿ.

ಇಪ್ಪತ್ತು ಜನರ ತಂಡವನ್ನು ಒಬ್ಬ ನಾಯಕ ಕೂಗಿ ನಡೆಸಲಾಗದು. ನಾಲ್ಕೈದು ಜನರ ಗುಂಪುಗಳನ್ನಾಗಿ ಹಂಚಿ, ಪ್ರತಿ ಗುಂಪಿಗೂ ಒಬ್ಬ ಮುಂದಾಳನ್ನು ನೇಮಿಸಿ, ಮುಂದಾಳುಗಳ ಕೈಗೆ ಮಾತ್ರ ವಾಕಿಟಾಕಿ ಕೊಡಿ. ಕೊಡ ಹೊರುವ ಕೆಲಸವನ್ನು ಓಟದಲ್ಲಿ ಹಿಂದಿರುವವರಿಗೆ ವಹಿಸುವ ರೂಢಿ ನನಗೆ ಸರಿಯೆನಿಸುವುದಿಲ್ಲ. ಸಮಚಿತ್ತದ, ಗಟ್ಟಿ ಹೆಜ್ಜೆಯ ಆಟಗಾರರೇ ಅದಕ್ಕೆ ಬೇಕು.

ಸೆನ್ಸರನ್ನು ಕೈಯಿಂದಾಗಲಿ ಟೋಪಿಯಿಂದಾಗಲಿ ಮುಚ್ಚುವುದು, ಎದುರಾಳಿಯ ಮೈ ಮುಟ್ಟುವುದು, ಏಟು ಬಿದ್ದ ಮೇಲೂ ಸಂಗಡಿಗರಿಗೆ ಸುಳಿವು ಕೊಡುವುದು ತಪ್ಪುಗಳೆಂದು ಆರಂಭದಲ್ಲೇ ಸಾರಿಬಿಡಿ. ತೂಬಿನ ಬಳಿ ಗಡಿಯಾರ ಹಿಡಿದ ಒಬ್ಬ ರೆಫ್ರಿ, ಪ್ರತಿ ನೆಲೆಯಲ್ಲಿ ಇನ್ನೊಬ್ಬರು ಇರಲಿ. ಏಟು ತಿಂದವರು ನೆಲೆಯಲ್ಲಿ ಒಂದು ನಿಮಿಷ ಕಾದ ಮೇಲೆಯೇ ಆಟಕ್ಕೆ ಮರಳಬೇಕು.

ಪಂದ್ಯವನ್ನು ಅರ್ಧ ಗಂಟೆಯ ಎರಡು ಸುತ್ತುಗಳಲ್ಲಿ ಆಡಿಸಿ. ಇಳಿಜಾರು ಮತ್ತು ಪಡುವಣ ಬಿಸಿಲು ಒಂದೇ ತಂಡಕ್ಕೆ ಅನುಕೂಲವಾಗದಂತೆ ಎರಡನೆಯ ಸುತ್ತಿನಲ್ಲಿ ತಂಡಗಳು ನೆಲೆ ಬದಲಿಸಬೇಕು. ಬಿಡುವಿನಲ್ಲಿ ಬ್ಯಾಟರಿಗಳನ್ನು ಪರೀಕ್ಷಿಸಿ, ತೂಬಿನ ಡ್ರಮ್ಮನ್ನು ಮತ್ತೆ ತುಂಬಿಸಿ. ಎರಡೂ ಸುತ್ತುಗಳ ನೀರನ್ನು ಇಬ್ಬರು ನಾಯಕರ ಎದುರಿನಲ್ಲೇ ಲೀಟರ್ ಮಾಪಕದಿಂದ ಅಳೆದು ಫಲಿತಾಂಶ ಘೋಷಿಸಿ. ಆ ನೀರನ್ನು ಬಳಿಕ ಮೈದಾನದ ಗಿಡಗಳಿಗೆ ಹಾಕಬಹುದು.