ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಡೆಂಟಲ್ ಇನ್ಶೂರೆನ್ಸ್ ತಗೊಳ್ಳೋದಾ, ಬೇಡವಾ?

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರವೇ ಎಚ್‌ಆರ್‌ನವರು ಒಂದು ಲಿಂಕ್ ಕಳಿಸುತ್ತಾರೆ. ಮೆಡಿಕಲ್, ಡೆಂಟಲ್, ವಿಷನ್ ಅಂತ ಮೂರೂ ಬೇರೆ ಬೇರೆ. ಮೆಡಿಕಲ್ ಎಲ್ಲರೂ ತಗೊಳ್ಳುತ್ತಾರೆ. ಡೆಂಟಲ್ ಹತ್ತಿರ ಬಂದಾಗ ಮಾತ್ರ "ಹಲ್ಲು ಚೆನ್ನಾಗೇ ಇದೆ, ಊರಿಗೆ ಹೋದಾಗ ತೋರಿಸಿಕೊಂಡರಾಯ್ತು" ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಆಮೇಲೆ ಆರೇಳು ತಿಂಗಳಿಗೆ ರಾತ್ರಿ ಹನ್ನೊಂದಕ್ಕೆ ದವಡೆ ಹಿಡಿದುಕೊಂಡು ಫೋನ್ ಮಾಡುತ್ತಾರೆ. ಕನ್ನಡ ಕೂಟದಲ್ಲಿ ಇದನ್ನು ವರ್ಷಾ ವರ್ಷಾ ನೋಡುತ್ತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನೇರವಾಗಿ ಹೇಳುತ್ತೇನೆ. ಕಂಪನಿ ಕಡೆಯಿಂದ ಸಿಗುತ್ತಿದ್ದರೆ ತಗೊಳ್ಳಿ. ಸ್ವಂತ ದುಡ್ಡಲ್ಲಿ ಹೊರಗಡೆ ಕೊಳ್ಳುವ ಹಾಗಿದ್ದರೆ ಲೆಕ್ಕ ಹಾಕಿ ನೋಡಿ, ಬಹಳಷ್ಟು ಸಲ ಅದು ಗಿಟ್ಟುವುದಿಲ್ಲ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು. ಮೆಡಿಕಲ್ ಇನ್ಶೂರೆನ್ಸ್‌ನಲ್ಲಿ ವರ್ಷಕ್ಕೆ ನಿಮ್ಮ ಕೈಯಿಂದ ಹೋಗುವ ದುಡ್ಡಿಗೆ ಒಂದು ಮಿತಿ ಇರುತ್ತದೆ, ಅದು ದಾಟಿದ ಮೇಲೆ ಅವರೇ ಕಟ್ಟುತ್ತಾರೆ. ಡೆಂಟಲ್‌ನಲ್ಲಿ ಇದು ಉಲ್ಟಾ. ಇಲ್ಲಿ ಮಿತಿ ಇರುವುದು ಅವರು ಕೊಡುವ ದುಡ್ಡಿಗೆ. ಆನ್ಯುಯಲ್ ಮ್ಯಾಕ್ಸಿಮಮ್ ಅಂತಾರೆ, ಸಾಮಾನ್ಯವಾಗಿ 1,000ದಿಂದ 2,000 ಡಾಲರ್. ಅದು ಖಾಲಿಯಾದರೆ ಉಳಿದ ಬಿಲ್ ಪೂರ್ತಿ ನಿಮ್ಮ ತಲೆಗೆ. 1970ರ ದಶಕದಲ್ಲೂ ಈ ಮಿತಿ ಸಾವಿರ ಡಾಲರ್ ಆಸುಪಾಸಿನಲ್ಲೇ ಇತ್ತು, ಡಾಕ್ಟರ್ ಫೀಸು ಎಲ್ಲಿಂದ ಎಲ್ಲಿಗೋ ಹೋಯಿತು, ಇದು ಮಾತ್ರ ಹೆಚ್ಚುಕಮ್ಮಿ ಅಲ್ಲೇ ಇದೆ. ಹಾಗಾಗಿ ದೊಡ್ಡ ಖರ್ಚು ಬಂದರೆ ಇನ್ಶೂರೆನ್ಸ್ ಇದೆಯಲ್ಲ ಅನ್ನುವ ಧೈರ್ಯ ಇಟ್ಟುಕೊಳ್ಳಬೇಡಿ.

ಪ್ಲಾನ್‌ಗಳಲ್ಲಿ ಹೆಚ್ಚಿನವು 100-80-50 ಲೆಕ್ಕದಲ್ಲಿ ನಡೆಯುತ್ತವೆ. ಚೆಕಪ್, ಕ್ಲೀನಿಂಗ್, ಎಕ್ಸ್‌ರೇಗೆ ಪೂರ್ತಿ. ಫಿಲ್ಲಿಂಗ್, ಹಲ್ಲು ಕೀಳುವುದು ಇಂಥದ್ದಕ್ಕೆ ನೂರಕ್ಕೆ ಎಂಬತ್ತು. ಕ್ರೌನ್ (ಹಲ್ಲಿನ ಮೇಲೆ ಕೂರಿಸುವ ಕ್ಯಾಪ್), ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಹಲ್ಲು), ಕಟ್ಟಿಸಿಕೊಂಡ ಹಲ್ಲಿಗೆ ಅರ್ಧ. ಮೊದಲ 50 ಡಾಲರ್ ಡಿಡಕ್ಟಿಬಲ್ ಅಂತ ನೀವು ಕಟ್ಟಬೇಕು, ಕ್ಲೀನಿಂಗ್‌ಗೆ ಸಾಮಾನ್ಯವಾಗಿ ಅದು ಲಾಗೂ ಆಗುವುದಿಲ್ಲ. ರೂಟ್ ಕೆನಾಲ್ ಮಾತ್ರ ನೋಡಿಕೊಳ್ಳಬೇಕು. ಕೆಲವು ಪ್ಲಾನ್ ಅದನ್ನು 80ರಲ್ಲಿ ಇಟ್ಟಿರುತ್ತವೆ, ಕೆಲವು 50ರಲ್ಲಿ. ಎರಡು ಪ್ಲಾನ್ ಪಕ್ಕಪಕ್ಕ ಇಟ್ಟು ನೋಡುವಾಗ ನಾನು ಮೊದಲು ನೋಡುವ ಸಾಲು ಅದೇ.

ಈಗ ಲೆಕ್ಕಕ್ಕೆ ಬರೋಣ. ಕಂಪನಿ ಪ್ಲಾನ್‌ನಲ್ಲಿ ಒಬ್ಬರಿಗೆ ತಿಂಗಳಿಗೆ 15 ಡಾಲರ್ ಸಂಬಳದಲ್ಲಿ ಕಟ್ ಆಗುತ್ತದೆ ಅಂದುಕೊಳ್ಳಿ, ವರ್ಷಕ್ಕೆ 180. ಇನ್ಶೂರೆನ್ಸ್ ಇಲ್ಲದೆ ವರ್ಷಕ್ಕೆ ಎರಡು ಸಲ ಚೆಕಪ್, ಕ್ಲೀನಿಂಗ್, ಒಂದು ಸಲ ಎಕ್ಸ್‌ರೇ ಅಂದರೆ ಬಹಳ ಊರುಗಳಲ್ಲಿ 300ರಿಂದ 400 ಡಾಲರ್ ದಾಟುತ್ತದೆ. ಅಂದರೆ ಒಂದೂ ಹುಳುಕು ಹಲ್ಲಿಲ್ಲದಿದ್ದರೂ ದುಡ್ಡು ವಾಪಸ್ ಬಂತು. ಆದರೆ ಎರಡು ಸಲವೂ ಹೋಗಬೇಕು. ಹೋಗದೇ ಸುಮ್ನೆ ಪ್ರೀಮಿಯಂ ಕಟ್ಟುವವರು ಬಹಳ ಜನ ಇದ್ದಾರೆ, ಅವರ ದುಡ್ಡು ಹಾಗೇ ಹೋಗುತ್ತದೆ.

ಸ್ವಂತವಾಗಿ ಕೊಳ್ಳುವ ಪ್ಲಾನ್ ಕಥೆ ಬೇರೆ. ತಿಂಗಳಿಗೆ 40 ಡಾಲರ್ ಅಂದರೆ ವರ್ಷಕ್ಕೆ 480. ಕ್ಲೀನಿಂಗ್ ಲೆಕ್ಕದಲ್ಲೇ ನಷ್ಟ. ಸರಿ, ಕ್ರೌನ್ ಬೇಕಾಗಿದೆ, ಅದಕ್ಕೆ ಉಪಯೋಗ ಆಗುತ್ತಲ್ವಾ ಅಂದರೆ, ವೇಟಿಂಗ್ ಪೀರಿಯಡ್ ಅಂತ ಇಟ್ಟಿರುತ್ತಾರೆ. ಫಿಲ್ಲಿಂಗ್‌ಗೆ ಆರು ತಿಂಗಳು, ಕ್ರೌನ್‌ಗೆ ಒಂದು ವರ್ಷ ಕಾಯಿಸುವ ಪ್ಲಾನ್‌ಗಳು ಧಾರಾಳವಾಗಿವೆ. ಹಲ್ಲು ನೋವು ಬಂದ ಮೇಲೆ ಇನ್ಶೂರೆನ್ಸ್ ಕೊಂಡು ಪ್ರಯೋಜನ ಇಲ್ಲ. ಇನ್ನೊಂದು, ಮಿಸ್ಸಿಂಗ್ ಟೂತ್ ಕ್ಲಾಜ್ ಅನ್ನುವ ಷರತ್ತು. ಪ್ಲಾನ್ ಸೇರುವ ಮೊದಲೇ ಕೀಳಿಸಿದ ಹಲ್ಲಿನ ಜಾಗಕ್ಕೆ ಬ್ರಿಡ್ಜ್ ಅಥವಾ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಿದರೆ ಅವರು ಏನೂ ಕೊಡುವುದಿಲ್ಲ. ನಮ್ಮಲ್ಲಿ ಕಾಲೇಜು ದಿನಗಳಲ್ಲೇ ಊರಲ್ಲಿ ಒಂದು ದವಡೆ ಹಲ್ಲು ಕೀಳಿಸಿಕೊಂಡು ಬಂದವರು ಎಷ್ಟು ಜನ! ಕಂಪನಿ ಪ್ಲಾನ್‌ಗಳಲ್ಲೂ ಈ ಷರತ್ತು ಕೆಲವದರಲ್ಲಿ ಇದೆ.

ಕಟ್ಟಿದ ಪ್ರೀಮಿಯಂನಲ್ಲಿ ಹಲ್ಲಿಗೆ ಎಷ್ಟು ಹೋಗುತ್ತದೆ ಅನ್ನುವುದೂ ಮುಖ್ಯ. ಮೆಡಿಕಲ್‌ನಲ್ಲಿ ನೂರಕ್ಕೆ 80 ಅಥವಾ 85 ಚಿಕಿತ್ಸೆಗೇ ಖರ್ಚಾಗಬೇಕು ಅಂತ ಕೇಂದ್ರದ ಕಾನೂನು ಇದೆ. ಡೆಂಟಲ್‌ಗೆ ಆ ಕಾನೂನು ಇಲ್ಲ. 2022ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದವರು ವೋಟ್ ಹಾಕಿಯೇ ಡೆಂಟಲ್ ಕಂಪನಿಗಳು ನೂರಕ್ಕೆ 83 ಚಿಕಿತ್ಸೆಗೆ ಕೊಡಬೇಕು ಅಂತ ಮಾಡಿಸಿಕೊಂಡರು. ಜನರೇ ಹೀಗೆ ಮುಂದೆ ಬಂದದ್ದು ನನಗೆ ಬಹಳ ಒಳ್ಳೆಯ ಕೆಲಸ ಅನ್ನಿಸುತ್ತದೆ. ಎಲ್ಲ ರಾಜ್ಯಗಳಲ್ಲೂ ಆಗಬೇಕು.

ಒಂದು ಬಿಲ್ಲನ್ನು ಬಿಡಿಸಿ ತೋರಿಸುತ್ತೇನೆ. ದವಡೆ ಹಲ್ಲಿಗೆ ರೂಟ್ ಕೆನಾಲ್ 1,100 ಡಾಲರ್, ಮೇಲೆ ಬಿಲ್ಡಪ್ (ಕ್ರೌನ್ ಕೂರಲು ಹಲ್ಲನ್ನು ತುಂಬಿ ಕಟ್ಟುವುದು) 250, ಕ್ರೌನ್ 1,200. ಒಟ್ಟು 2,550. ನಿಮ್ಮ ಮಿತಿ 1,500, ಅದರಲ್ಲಿ ಕ್ಲೀನಿಂಗ್‌ಗೆ ಆಗಲೇ 200 ಹೋಗಿದೆ (ಬಹಳ ಪ್ಲಾನ್‌ಗಳಲ್ಲಿ ಕ್ಲೀನಿಂಗ್ ಕೂಡ ಮಿತಿಯೊಳಗೇ ಸೇರುತ್ತದೆ, ಇದನ್ನು ಯಾರೂ ಹೇಳುವುದಿಲ್ಲ). ಉಳಿದದ್ದು 1,300. ಡಿಡಕ್ಟಿಬಲ್ 50 ಕಳೆದು ರೂಟ್ ಕೆನಾಲ್‌ಗೆ 80ರ ಲೆಕ್ಕದಲ್ಲಿ 840, ಬಿಲ್ಡಪ್‌ಗೆ 125, ಕ್ರೌನ್‌ಗೆ 600, ಕೂಡಿದರೆ 1,565 ಬರಬೇಕು. ಆದರೆ ಕೊಡುವುದು 1,300. ನಿಮ್ಮ ಕೈಯಿಂದ 1,250.

ಇದೇ ಕೆಲಸ ಡಿಸೆಂಬರ್‌ನಲ್ಲಿ ಬಂದಿದ್ದರೆ, ರೂಟ್ ಕೆನಾಲ್ ಮತ್ತು ಬಿಲ್ಡಪ್ ಡಿಸೆಂಬರ್‌ನಲ್ಲಿ, ಕ್ರೌನ್ ಜನವರಿಯಲ್ಲಿ ಮಾಡಿಸಿ. ಹೊಸ ವರ್ಷಕ್ಕೆ ಹೊಸ ಮಿತಿ. ಆಗ ಮೊದಲ ವರ್ಷ 965, ಎರಡನೇ ವರ್ಷ ಮತ್ತೆ ಡಿಡಕ್ಟಿಬಲ್ ಕಳೆದು 575, ಒಟ್ಟು 1,540 ಅವರು ಕೊಡುತ್ತಾರೆ. ನಿಮಗೆ 240 ಡಾಲರ್ ಉಳಿತಾಯ. ಆದರೆ ಡಾಕ್ಟರನ್ನು ಕೇಳಿಯೇ ಮಾಡಿ, ರೂಟ್ ಕೆನಾಲ್ ಆದ ಹಲ್ಲನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸೀಳಿಹೋಗಬಹುದು. ಕೆಲವು ಪ್ಲಾನ್‌ಗಳು ಅಳತೆ ತಗೊಂಡ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಕ್ರೌನ್ ಕೂರಿಸಿದ ದಿನವನ್ನು. ಅದನ್ನೂ ಫೋನ್ ಮಾಡಿ ಕೇಳಿಕೊಳ್ಳಿ. ಇಂಥ ದೊಡ್ಡ ಕೆಲಸಕ್ಕೆ ಮುಂಚೆ "ಪ್ರೀ-ಟ್ರೀಟ್‌ಮೆಂಟ್ ಎಸ್ಟಿಮೇಟ್ ಕಳಿಸಿ" ಅಂತ ಕ್ಲಿನಿಕ್‌ಗೆ ಹೇಳಿ. ಇನ್ಶೂರೆನ್ಸ್‌ನವರೇ ಎಷ್ಟು ಕೊಡುತ್ತೇವೆ ಅಂತ ಬರೆದು ಕಳಿಸುತ್ತಾರೆ. ಸ್ವಲ್ಪ ದಿನ ಹಿಡಿಯುತ್ತದೆ, ಆದರೆ ಆಮೇಲೆ ಜಗಳ ಕಡಿಮೆ.

ನನ್ನ ಪ್ರಕಾರ ಇನ್ಶೂರೆನ್ಸ್‌ನ ನಿಜವಾದ ಲಾಭ ಅವರು ಡಾಕ್ಟರ ಜೊತೆ ಮೊದಲೇ ಮಾತಾಡಿ ಇಟ್ಟಿರುವ ರೇಟು. ಮೇಲೆ ಹೇಳಿದ 1,200ರ ಕ್ರೌನ್‌ಗೆ ಹೊರಗಿನ ದರ 1,700 ಇದ್ದರೂ ಆಶ್ಚರ್ಯ ಇಲ್ಲ. ಮಿತಿ ಮುಗಿದ ಮೇಲೂ ಬಹಳ ಪ್ಲಾನ್‌ಗಳಲ್ಲಿ ಆ ಕಡಿಮೆ ರೇಟೇ ಸಿಗುತ್ತದೆ. ಆದರೆ ಡಾಕ್ಟರ್ ಇನ್-ನೆಟ್‌ವರ್ಕ್ ಇರಬೇಕು, ಅಂದರೆ ಆ ರೇಟಿಗೆ ನಿಮ್ಮ ಪ್ಲಾನ್ ಜೊತೆ ಒಪ್ಪಂದ ಮಾಡಿಕೊಂಡವರಾಗಿರಬೇಕು. ಫೋನ್‌ನಲ್ಲಿ "ನನ್ನ ಇನ್ಶೂರೆನ್ಸ್ ತಗೋತೀರಾ" ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ, ಯಾಕೆಂದರೆ ಯಾವ ಇನ್ಶೂರೆನ್ಸ್‌ಗಾದರೂ ಅವರು ಕ್ಲೇಮ್ ಕಳಿಸಬಹುದು. "ನನ್ನ ಕಾರ್ಡ್ ಮೇಲಿರುವ ಈ ಪ್ಲಾನ್‌ಗೆ ನೀವು ಇನ್-ನೆಟ್‌ವರ್ಕಾ?" ಅಂತ ಪ್ಲಾನ್ ಹೆಸರು ಓದಿ ಹೇಳಿ ಕೇಳಿ. ಉದಾಹರಣೆಗೆ ಡೆಲ್ಟಾ ಡೆಂಟಲ್ ಅನ್ನುವ ಇನ್ಶೂರೆನ್ಸ್ ಕಂಪನಿಯಲ್ಲಿ ಪಿಪಿಒ ನೆಟ್‌ವರ್ಕ್ ಬೇರೆ, ಪ್ರೀಮಿಯರ್ ನೆಟ್‌ವರ್ಕ್ ಬೇರೆ, ರೇಟೂ ಬೇರೆ. ಡಿಎಚ್‌ಎಂಒ ಅಂತ ಇನ್ನೊಂದು ಬಗೆ ಇದೆ, ಪ್ರೀಮಿಯಂ ತೀರಾ ಕಡಿಮೆ, ಆದರೆ ಅವರು ಹೇಳಿದ ಡಾಕ್ಟರ ಹತ್ತಿರವೇ ಹೋಗಬೇಕು. ನಿಮ್ಮ ಊರಲ್ಲಿ ಆ ಪ್ಲಾನಿನ ಒಳ್ಳೆಯ ಡಾಕ್ಟರ್ ಇದ್ದಾರಾ, ಹೊಸ ಪೇಷಂಟ್ ತಗೋತಾರಾ ಅಂತ ನೋಡದೆ ಸೇರಬೇಡಿ.

ಈಗ ಹೊಸಬರು ಜಾಸ್ತಿ ಗಾಬರಿಯಾಗುವ ವಿಷಯ, ಡೀಪ್ ಕ್ಲೀನಿಂಗ್. ಊರಲ್ಲಿದ್ದಾಗ ನೋವು ಬಂದರೆ ಮಾತ್ರ ಡಾಕ್ಟರ ಹತ್ತಿರ ಹೋಗುವುದು ನಮ್ಮ ರೂಢಿ, ಹಾಗಾಗಿ ಇಲ್ಲಿ ಮೊದಲ ಸಲ ಕುರ್ಚಿಯಲ್ಲಿ ಕೂತಾಗ ಹಲ್ಲಿಗೆ ವರ್ಷಗಟ್ಟಲೆ ಕಟ್ಟಿದ ಗಾರೆ ಇರುತ್ತದೆ. "ಸಾಮಾನ್ಯ ಕ್ಲೀನಿಂಗ್ ಆಗಲ್ಲ, ಡೀಪ್ ಕ್ಲೀನಿಂಗ್ ಬೇಕು" ಅಂತ ಒಂದು ಹಾಳೆ ಕೈಗೆ ಕೊಡುತ್ತಾರೆ. ಅದರಲ್ಲಿ ಡಿ4341 ಅಂತ ಕೋಡ್, ಬಾಯಿಯ ನಾಲ್ಕು ಭಾಗಕ್ಕೆ ನಾಲ್ಕು ಸಾಲು, ಪ್ರತಿ ಸಾಲಿಗೂ ಇನ್ನೂರು ಮುನ್ನೂರು ಡಾಲರ್. ಒಸಡಿನ ರೋಗ ಇದ್ದರೆ ಇದು ನಿಜವಾಗಿ ಬೇಕು, ಬಿಟ್ಟರೆ ಹಲ್ಲು ಅಲ್ಲಾಡತೊಡಗುತ್ತದೆ, ಸಕ್ಕರೆ ಕಾಯಿಲೆ ಇರುವವರಂತೂ ಹಗುರವಾಗಿ ತಗೊಳ್ಳಬಾರದು. ಆದರೆ ಇದೆಯಾ ಅಂತ ತೋರಿಸಲು ಹೇಳಿ. ಪ್ರತಿ ಹಲ್ಲಿನ ಸುತ್ತ ಒಸಡು ಎಷ್ಟು ಆಳ ಅಂತ ಮಿಲಿಮೀಟರ್‌ನಲ್ಲಿ ಅಳೆದು ಚಾರ್ಟ್ ಮಾಡಿರುತ್ತಾರೆ. ಮೂರರವರೆಗೆ ಚಿಂತೆ ಇಲ್ಲ. ನಾಲ್ಕು, ಐದು ಇದ್ದು ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದೂ ಕಂಡರೆ ಮಾತು ಸರಿ, ಇನ್ಶೂರೆನ್ಸ್‌ನವರೂ ಸಾಮಾನ್ಯವಾಗಿ ಇದನ್ನೇ ಕೇಳುತ್ತಾರೆ.

ಅವಸರ ಇಲ್ಲ. ಚಾರ್ಟ್ ಮತ್ತು ಎಕ್ಸ್‌ರೇ ಪ್ರತಿ ಕೇಳಿ ತಗೊಳ್ಳಿ, ಕೊಡಲೇಬೇಕು ಅಂತ ಕಾನೂನಿದೆ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ನಮ್ಮ ಪರಿಚಯದ ದಾವಣಗೆರೆಯ ಹುಡುಗನೊಬ್ಬನಿಗೆ ಒಂದು ಕ್ಲಿನಿಕ್‌ನಲ್ಲಿ ನಾಲ್ಕೂ ಭಾಗಕ್ಕೆ ಬರೆದಿದ್ದರು, ಜೊತೆಗೆ ಫ್ಲೋರೈಡು, ಒಸಡಿನೊಳಗೆ ಇಡುವ ಔಷಧಿ ಎಲ್ಲ ಸೇರಿಸಿ. ಎರಡನೇ ಡಾಕ್ಟರ್ ಅದೇ ಎಕ್ಸ್‌ರೇ ನೋಡಿ ಒಂದು ಭಾಗಕ್ಕೆ ಮಾತ್ರ ಸಾಕು ಅಂದರು. ಡೀಪ್ ಕ್ಲೀನಿಂಗ್ ಆದ ಮೇಲೆ ಮುಂದಿನ ಮಾಮೂಲಿ ಕ್ಲೀನಿಂಗ್ ಬೇರೆ ಕೋಡ್‌ನಲ್ಲಿ ಹೋಗುತ್ತದೆ, ಆಗ ಪೂರ್ತಿ ಕವರ್ ಆಗದೇ ಇರಬಹುದು. ಇದನ್ನೂ ಮೊದಲೇ ಕೇಳಿ.

ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇದ್ದರೆ ಒಬ್ಬರನ್ನೊಬ್ಬರು ತಮ್ಮ ತಮ್ಮ ಪ್ಲಾನ್‌ಗೆ ಸೇರಿಸಿಕೊಳ್ಳುವುದು ಬೇಡ, ಎರಡನೇ ಪ್ಲಾನ್‌ನಿಂದ ಸಿಗುವುದು ಬಹಳ ಸಲ ಅತಿ ಕಡಿಮೆ. ಮಕ್ಕಳು ಎರಡರಲ್ಲೂ ಇದ್ದರೆ ಸಾಮಾನ್ಯವಾಗಿ ವರ್ಷದಲ್ಲಿ ಯಾರ ಹುಟ್ಟಿದ ಹಬ್ಬ ಮೊದಲು ಬರುತ್ತದೋ ಅವರ ಪ್ಲಾನ್ ಮೊದಲು ಕಟ್ಟುತ್ತದೆ. ಮಕ್ಕಳಿಗೆ ಮಾತ್ರ ಇನ್ಶೂರೆನ್ಸ್ ಬಿಡಬೇಡಿ. ತಂತಿ ಹಾಕಿಸುವ ಯೋಚನೆ ಇದ್ದರೆ ಆರ್ಥೋ ಬೇರೆ ಸಾಲಿನಲ್ಲಿರುತ್ತದೆ, ಅದಕ್ಕೆ ಜೀವಮಾನಕ್ಕೆ ಒಂದೇ ಮಿತಿ.

ಓದಲು ಬಂದವರಿಗೆ ಯೂನಿವರ್ಸಿಟಿಯ ಹೆಲ್ತ್ ಪ್ಲಾನ್‌ನಲ್ಲಿ ಡೆಂಟಲ್ ಬಹುತೇಕ ಸೇರಿರುವುದಿಲ್ಲ. ನಿಮ್ಮ ಊರಲ್ಲಿ ಡೆಂಟಲ್ ಕಾಲೇಜು ಇದ್ದರೆ ಅಲ್ಲಿಗೆ ಹೋಗಿ. ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಪ್ರೊಫೆಸರ್ ಪಕ್ಕದಲ್ಲಿ ನಿಂತು ನೋಡುತ್ತಾರೆ, ಸಮಯ ಜಾಸ್ತಿ ಹಿಡಿಯುತ್ತದೆ, ದುಡ್ಡು ಬಹಳ ಕಡಿಮೆ. ಎಷ್ಟೋ ಕ್ಲಿನಿಕ್‌ಗಳು ತಮ್ಮದೇ ಮೆಂಬರ್‌ಶಿಪ್ ಇಟ್ಟಿವೆ, ವರ್ಷಕ್ಕೆ ಇಷ್ಟು ಅಂತ ಕಟ್ಟಿದರೆ ಎರಡು ಕ್ಲೀನಿಂಗ್, ಎಕ್ಸ್‌ರೇ, ಉಳಿದ ಕೆಲಸಕ್ಕೆ ರಿಯಾಯಿತಿ. ಹೊರಗಡೆ ಪ್ಲಾನ್ ಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ. ಕಂಪನಿಯಲ್ಲಿ ಎಫ್‌ಎಸ್‌ಎ (ಚಿಕಿತ್ಸೆಯ ಖರ್ಚಿಗೆ ಅಂತ ಸಂಬಳದಿಂದ ಎತ್ತಿಡುವ ಖಾತೆ) ಇದ್ದರೆ ಟ್ಯಾಕ್ಸ್ ಇಲ್ಲದ ದುಡ್ಡಲ್ಲಿ ಹಲ್ಲಿನ ಬಿಲ್ ಕಟ್ಟಬಹುದು, 2025ರಲ್ಲಿ ಇದರ ಮಿತಿ 3,300 ಡಾಲರ್ ಇತ್ತು. ವರ್ಷ ಮುಗಿದ ಮೇಲೆ ಉಳಿದದ್ದು ಬಹುಪಾಲು ಹೋಗಿಬಿಡುತ್ತದೆ, ಅದಕ್ಕೇ ಗೊತ್ತಿರುವ ಖರ್ಚಿಗಷ್ಟೇ ಇಡಿ.

ಅಪ್ಪ ಅಮ್ಮ ಬರುವವರಿದ್ದರೆ ಟಿಕೆಟ್ ಮಾಡಿಸುವ ಮುಂಚೆ ಊರಲ್ಲೇ ಹಲ್ಲು ತೋರಿಸಿಬಿಡಿ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಇದ್ದಕ್ಕಿದ್ದಂತೆ ಬಂದ ನೋವಿಗೆ, ಬಿದ್ದು ಮುರಿದದ್ದಕ್ಕೆ ಸಣ್ಣ ಮೊತ್ತ ಇರುತ್ತದೆ, ಅಷ್ಟೇ. ಹಳೆಯ ಹುಳುಕಿಗೆ ಏನೂ ಸಿಗುವುದಿಲ್ಲ.

ಕೆಲಸ ಹೋದರೂ ಡೆಂಟಲ್ ತಕ್ಷಣ ಮುಗಿದುಹೋಯಿತು ಅಂದುಕೊಳ್ಳಬೇಡಿ. ಕೋಬ್ರಾ ಅಂತ ಒಂದು ಕಾನೂನಿದೆ, ಅದರಲ್ಲಿ ಕೆಲಸ ಬಿಟ್ಟ ಮೇಲೂ ಕಂಪನಿ ಪ್ಲಾನನ್ನೇ ಸ್ವಲ್ಪ ಕಾಲ ಮುಂದುವರಿಸಬಹುದು, ಬಹಳ ಕಂಪನಿಗಳಲ್ಲಿ ಮೆಡಿಕಲ್ ಬಿಟ್ಟು ಡೆಂಟಲ್ ಒಂದನ್ನೇ ಇಟ್ಟುಕೊಳ್ಳಲೂ ಆಗುತ್ತದೆ. ಪೂರ್ತಿ ಪ್ರೀಮಿಯಂ ನೀವೇ ಕಟ್ಟಬೇಕು, ಆದರೂ ಡೆಂಟಲ್‌ಗೆ ಅದು ಮೆಡಿಕಲ್‌ನಷ್ಟು ಭಾರ ಅಲ್ಲ. ಅರ್ಧಕ್ಕೆ ನಿಂತ ಕ್ರೌನ್ ಇದ್ದವರಿಗೆ ಇದು ದೊಡ್ಡ ಆಸರೆ.

ಇನ್ನು ಊರಿಗೆ ಹೋದಾಗ ಮಾಡಿಸಿಕೊಳ್ಳುವ ಮಾತು. ಇನ್ಶೂರೆನ್ಸ್ ಇಲ್ಲದವರಿಗೆ, ಮಿತಿ ಮುಗಿದವರಿಗೆ ಇದು ಒಳ್ಳೆಯ ದಾರಿಯೇ, ಬೆಂಗಳೂರು ಮೈಸೂರಲ್ಲಿ ನುರಿತ ಡಾಕ್ಟರುಗಳಿಗೆ ಕೊರತೆ ಇಲ್ಲ, ಖರ್ಚು ಇಲ್ಲಿಯದರ ಒಂದು ಸಣ್ಣ ಪಾಲು. ಆದರೆ ನೋವಿರುವ ಹಲ್ಲನ್ನು ರಜೆ ಬರುವ ತನಕ ಮಾತ್ರೆ ನುಂಗಿಕೊಂಡು ಕಾಯಿಸಬೇಡಿ, ಫಿಲ್ಲಿಂಗ್‌ನಲ್ಲಿ ಮುಗಿಯುವುದು ಅಷ್ಟರಲ್ಲಿ ರೂಟ್ ಕೆನಾಲ್ ಆಗಿರುತ್ತದೆ. ಹೋದ ಮೊದಲ ಎರಡು ದಿನದಲ್ಲೇ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಿ, ಕ್ರೌನ್ ತಯಾರಾಗಿ ಬರಲು ವಾರ ಹಿಡಿಯಬಹುದು, ಕಚ್ಚಿ ನೋಡಿ ಸರಿ ಮಾಡಿಸಲೂ ಸಮಯ ಬೇಕು. ಮೂರು ವಾರದ ರಜೆಯಲ್ಲಿ ಇಂಪ್ಲಾಂಟ್ ಶುರು ಮಾಡಬೇಡಿ, ಮೂಳೆಗೆ ಅದು ಕೂಡಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ವಾಪಸ್ ಬರುವಾಗ ಎಕ್ಸ್‌ರೇ, ಏನು ಮಾಡಿದರು ಅನ್ನುವ ಚೀಟಿ, ಕ್ರೌನ್ ಯಾವ ಮೆಟೀರಿಯಲ್ ಅನ್ನುವ ವಿವರ, ಮೂರನ್ನೂ ಕೇಳಿ ತನ್ನಿ, ಇಲ್ಲಿಯ ಡಾಕ್ಟರ್ ಮುಂದಿನ ಚೆಕಪ್‌ನಲ್ಲಿ ಮೊದಲು ಅದನ್ನೇ ಕೇಳುತ್ತಾರೆ.