ಶು, ಹಾ, ರಿ: ಜಪಾನಿ ಸಮರಕಲೆಯಲ್ಲಿ ಹಂತ ಹಂತವಾಗಿ ಪಳಗುವುದು ಹೇಗೆ?

ಜಪಾನಿನ ಸಮರಕಲೆಗಳಲ್ಲಿ ಕಲಿಕೆಗೆ ಶು, ಹಾ, ರಿ ಎಂಬ ಮೂರು ಹಂತಗಳನ್ನು ಹೇಳುತ್ತಾರೆ. ಗುರು ಕಲಿಸಿದ ಕ್ರಮವನ್ನು ಪಾಲಿಸುವುದು ಮೊದಲನೆಯದು, ಅದನ್ನು ಮುರಿದು ನೋಡುವುದು ಎರಡನೆಯದು, ಅದರ ಹಂಗಿಲ್ಲದೆ ನಡೆಯುವುದು ಮೂರನೆಯದು. ಚಹಾ ಕಲೆಯ ಆಚಾರ್ಯ ಸೆನ್ ನೋ ರಿಕ್ಯೂ ಹೆಸರಿನಲ್ಲಿ ಪ್ರಚಲಿತವಿರುವ ಪದ್ಯವೊಂದರಲ್ಲಿ ಈ ಮೂರೂ ಬರುತ್ತವೆ; ಮುರಿದರೂ, ಬಿಟ್ಟು ನಡೆದರೂ ಮೂಲವನ್ನು ಮರೆಯಬಾರದೆಂಬ ಎಚ್ಚರಿಕೆಯೂ ಅದರಲ್ಲೇ ಇದೆ.

ಮೊದಲ ಹಂತಕ್ಕೆ ವರ್ಷಗಳನ್ನೇ ಮೀಸಲಿಡಿ. ಶೋಟೊಕಾನ್ ಕರಾಟೆಯಲ್ಲಿ ಹೊಸಬರು ಕಲಿಯುವ ಹೇಯನ್ ಶೋದಾನ್ ಎಂಬ ಕತಾವನ್ನು, ಅಂದರೆ ನಿಗದಿತ ಚಲನೆಗಳ ಸರಣಿಯನ್ನು, ನೋಡಿ. ಎಡಕ್ಕೆ ತಿರುಗಿ, ಎಡಗಾಲನ್ನು ಮುಂದಿಟ್ಟು ಮಂಡಿ ಬಗ್ಗಿಸಿ, ಹಿಂದಿನ ಕಾಲನ್ನು ನೆಟ್ಟಗೆ ಚಾಚಿ, ಎಡಗೈಯಿಂದ ಕೆಳಮುಖವಾಗಿ ಏಟನ್ನು ತಡೆಯುವುದು ಅದರ ಮೊದಲ ಚಲನೆ. ತಡೆ ಮುಗಿಯುವ ಕ್ಷಣಕ್ಕೆ ಬಲಮುಷ್ಟಿ ಸೊಂಟಕ್ಕೆ ಬಂದಿರಬೇಕು, ಹಿಂದಿನ ಹಿಮ್ಮಡಿ ನೆಲ ಬಿಟ್ಟಿರಬಾರದು. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗದೆ, ಒಂದು ದಿನ ಹಿಮ್ಮಡಿಯನ್ನು ಮಾತ್ರ, ಇನ್ನೊಂದು ದಿನ ಮುಷ್ಟಿಯನ್ನು ಮಾತ್ರ ಗಮನಿಸಿ ಅಭ್ಯಾಸ ಮಾಡಿ. ವಿಡಿಯೊಗಳಲ್ಲಿ ಕಂಡ ಬೇರೆ ಶೈಲಿಯನ್ನು ಈ ಹಂತದಲ್ಲಿ ಖಂಡಿತ ಬೆರೆಸಬೇಡಿ. ಬ್ಲ್ಯಾಕ್ ಬೆಲ್ಟ್ ಬಂದೊಡನೆ ಈ ಹಂತ ಮುಗಿಯಿತೆಂದು ತಿಳಿಯುವವರು ಬಹಳ. ಆದರೆ ಆಗ ಸಿಗುವ ಶೋದಾನ್ ಎಂಬ ದರ್ಜೆ, ಬ್ಲ್ಯಾಕ್ ಬೆಲ್ಟ್‌ನವರ ದಾನ್ ಶ್ರೇಣಿಯ ಮೊದಲ ಮೆಟ್ಟಿಲು ಮಾತ್ರ.

ದಣಿದಾಗಲೂ ಹೆಜ್ಜೆ ತಪ್ಪದೆ ಬೀಳತೊಡಗಿದರೆ, ಗುರುವಿನ ಒಪ್ಪಿಗೆ ಪಡೆದು ಎರಡನೆಯ ಹಂತಕ್ಕೆ ಬನ್ನಿ. ಇಲ್ಲಿ ಪ್ರತಿ ಚಲನೆಗೂ ‘ಇದು ಏಕೆ?’ ಎಂದು ಕೇಳಬೇಕು. ಅದೇ ಕತಾದಲ್ಲಿ ಬಲಗೈಯನ್ನು ಹಿಂದಕ್ಕೆಳೆದು, ಸುತ್ತು ತಿರುಗಿಸಿ, ಮುಷ್ಟಿಯನ್ನು ಮೇಲಿನಿಂದ ಬಡಿಯುವ ಚಲನೆಯೊಂದಿದ್ದು, ಎದುರಾಳಿ ಹಿಡಿದ ಮಣಿಕಟ್ಟನ್ನು ಬಿಡಿಸಿಕೊಳ್ಳಲು ಅದು ಇದೆಯೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಜೊತೆಗಾರರಿಂದ ಮಣಿಕಟ್ಟನ್ನು ಬಿಗಿಯಾಗಿ ಹಿಡಿಸಿಕೊಂಡು ಮಾಡಿ ನೋಡಿ. ಎತ್ತರದವರು ಹಿಡಿದಾಗ, ಎರಡೂ ಕೈಯಿಂದ ಹಿಡಿದಾಗ ಏನನ್ನು ಬದಲಿಸಬೇಕೆಂದು ಹುಡುಕಿ. ಏಕೆಂಬುದು ತಿಳಿಯದೆ ಬದಲಿಸಿದರೆ ಅದು ಬರೀ ತಪ್ಪು ಅಭ್ಯಾಸ.

ಮೂರನೆಯ ಹಂತಕ್ಕೆ ಪಾಠವಿಲ್ಲ, ಉದಾಹರಣೆ ಮಾತ್ರ. ಟೆಂಜಿನ್ ಶಿನ್ಯೊ ಮತ್ತು ಕಿಟೊ ಪರಂಪರೆಗಳಲ್ಲಿ ಜುಜುತ್ಸು ಎಂಬ ಹಳೆಯ ಸಮರಕಲೆಯನ್ನು ಕಲಿತ ಜಿಗೊರೊ ಕಾನೊ, ಹಿಡಿತಗಳನ್ನೂ ಎಸೆತಗಳನ್ನೂ ಒಂದೊಂದಾಗಿ ಪರೀಕ್ಷಿಸಿ, ಎದುರಾಳಿಯ ಸಮತೋಲ ಕೆಡಿಸುವ ತತ್ವವನ್ನು ಮುಂದಿಟ್ಟು, 1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ ಕೊಡೊಕಾನ್ ಎಂಬ ತಮ್ಮ ಶಾಲೆಯನ್ನು ಸ್ಥಾಪಿಸಿದರು. ಜೂಡೊ ಬೆಳೆದದ್ದು ಅಲ್ಲಿಂದ. ಹೊಸ ದಾರಿ ಹಿಡಿದ ಮೇಲೂ ಅವರು ಕಿಟೊ ಪರಂಪರೆಯ ಕತಾವನ್ನು ಕೈಬಿಡಲಿಲ್ಲ. ಅದು ‘ಕೊಶಿಕಿ ನೋ ಕತಾ’ ಎಂಬ ಹೆಸರಿನಲ್ಲಿ ಇಂದಿಗೂ ಜೂಡೊದ ಭಾಗವಾಗಿದೆ.